ಗಂಟುನೋವು: ಮೊದಲು ನೋಡುವ ವೈದ್ಯರಿಗೆ ತಿಳಿದಿರಬೇಕು



ಸಂಘದ ಆರೋಗ್ಯ ನಿಧಿಯಿಂದ ಈ ವರ್ಷ ಗಂಟುನೋವಿನ ಉಚಿತ ತಪಾಸಣಾ ಶಿಬಿರವೊಂದನ್ನು ನಡೆಸಬೇಕೆಂದು ಹಲವರು ಸೂಚಿಸಿದ್ದಾರೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ತಜ್ಞರೊಬ್ಬರನ್ನು ಕರೆಸಿ, ಒಂದು ಭಾನುವಾರ ಸಂಘದ ಗೋದಾಮಿನಲ್ಲಿ ಬಂದವರನ್ನೆಲ್ಲ ನೋಡಿಸಿ, ವಾರಕ್ಕಾಗುವಷ್ಟು ಮಾತ್ರೆ ಕೊಟ್ಟು, ಊಟ ಹಾಕಿ ಕಳಿಸುವುದು ಈ ಸೂಚನೆಯ ಸಾರಾಂಶ. ಇದರ ಹಿಂದಿರುವ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಅದೇ ಹಣವನ್ನು ನಮ್ಮ ತಾಲ್ಲೂಕಿನ ವೈದ್ಯರಿಗೆ ಈ ರೋಗಗಳ ತಿಳಿವಳಿಕೆ ದೊರಕಿಸಿಕೊಡಲು ಬಳಸಿದರೆ ಹತ್ತುಪಾಲು ಪ್ರಯೋಜನವೆಂಬುದು ನಮ್ಮ ಅಭಿಪ್ರಾಯ. ಹಾಗೇಕೆಂಬುದನ್ನು ಸರ್ವಸದಸ್ಯರ ಸಭೆಗೆ ಮುಂಚೆಯೇ ಸದಸ್ಯರ ಮುಂದಿಡುವುದು ಉಚಿತವೆಂದು ಈ ಲೇಖನ.

ಮೊದಲಿಗೆ, ಗಂಟುನೋವು ಎಂಬುದು ಒಂದು ರೋಗವಲ್ಲ. ನಮ್ಮಲ್ಲಿ ಮಂಡಿ ಹಿಡಿದರೂ ವಾಯು, ಬೆರಳು ಊದಿದರೂ ವಾಯು, ಸೊಂಟ ಸೆಟೆದರೂ ವಾಯು. ವಾಸ್ತವದಲ್ಲಿ ಇವು ಬೇರೆ ಬೇರೆ ರೋಗಗಳು. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ಒಂದು ಬಗೆ. ಹೆಚ್ಚು ಜನಕ್ಕೆ ಬರುವುದು ಇದೇ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು ಇದಕ್ಕೆ ಮೊದಲ ಚಿಕಿತ್ಸೆ. ಯೂರಿಕ್ ಆಮ್ಲ ಹರಳುಗಟ್ಟಿ, ರಾತ್ರಿ ಬೆಳಗಾಗುವುದರಲ್ಲಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಗುಲಿದರೂ ಪ್ರಾಣ ಹೋಗುವಂತಾಗುವ ಗೌಟ್ ಇನ್ನೊಂದು. ಇಪ್ಪತ್ತು ಮೂವತ್ತರ ಪ್ರಾಯದ ಹುಡುಗರಿಗೆ ನಸುಕಿನಲ್ಲಿ ಸೊಂಟ ಬಿಗಿದು, ಎದ್ದು ಓಡಾಡಿದ ಮೇಲೆ ಸಡಿಲವಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಮತ್ತೊಂದು. ಪ್ರಾಯದ ಹೆಣ್ಣುಮಕ್ಕಳಿಗೆ ಜ್ವರ, ಮುಖದ ಮೇಲೆ ಕೆಂಪು ಕಲೆ, ಕೂದಲು ಉದುರುವುದು, ಕೀಲುನೋವು ಒಟ್ಟಿಗೆ ಬಂದು ಕಡೆಗೆ ಮೂತ್ರಪಿಂಡಕ್ಕೆ ಕೈಹಾಕುವ ಲೂಪಸ್ ಎಂಬುದೂ ಇದೇ ವರ್ಗದ್ದು.

ಇವೆಲ್ಲದರ ನಡುವೆ ನಮ್ಮ ಕಸುಬಿಗೆ ನೇರವಾಗಿ ಏಟು ಕೊಡುವುದು ರುಮಟಾಯ್ಡ್ ಸಂಧಿವಾತ. ಆಯುರ್ವೇದದವರು ಆಮವಾತವೆನ್ನುವುದು ಹೆಚ್ಚುಕಡಿಮೆ ಇದನ್ನೇ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದು ಇದರ ಮೂಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕೈಬೆರಳ ಬುಡದ ಗೆಣ್ಣು, ಮಣಿಕಟ್ಟುಗಳಲ್ಲಿ, ಎರಡೂ ಕೈಗಳಲ್ಲಿ ಸರಿಸಮನಾಗಿ ಕಾಣಿಸಿಕೊಳ್ಳುತ್ತದೆ. ಕಾಫಿ ಹಣ್ಣು ಕೊಯ್ಯುವವರು ಯಾರು, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು ಯಾರು ಎಂದು ಸದಸ್ಯರು ಒಮ್ಮೆ ಯೋಚಿಸಿದರೆ ಸಾಕು. ಬೆಳಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲಾಗದ ಹೆಣ್ಣಾಳಿಗೆ ಆ ದಿನದ ಕೂಲಿಯಿಲ್ಲ. ಅವಳು ಮನೆಯೊಡತಿಯೇ ಆಗಿದ್ದರೆ ಕೊಟ್ಟಿಗೆಯ ಹಾಲು ಕರೆಯುವವರಿಲ್ಲ.

ಇದು ಅಪರೂಪದ ರೋಗವೆಂದು ತಿಳಿಯಬಾರದು. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 0.75 ಜನಕ್ಕೆ ರುಮಟಾಯ್ಡ್ ಸಂಧಿವಾತವಿತ್ತು. ಪುಣೆ ಸಮೀಪದ ಭಿಗ್ವಣ್ ಗ್ರಾಮದಲ್ಲಿ 1996ರಿಂದ ನಡೆದ ಸಮೀಕ್ಷೆಯಲ್ಲಿ ಇದು ಸುಮಾರು ಶೇಕಡ 0.5 ಎಂದು ಕಂಡುಬಂತು. ಈ ಲೆಕ್ಕದಲ್ಲಿ ಒಂದು ಲಕ್ಷ ವಯಸ್ಕರಿರುವ ತಾಲ್ಲೂಕಿನಲ್ಲಿ ಐನೂರರಿಂದ ಏಳುನೂರೈವತ್ತು ಜನ ಈ ರೋಗಿಗಳು ಇರಬೇಕು. ಒಂದು ಭಾನುವಾರದ ಶಿಬಿರದಲ್ಲಿ ಇವರಲ್ಲಿ ಎಷ್ಟು ಮಂದಿಯನ್ನು ನೋಡಲಾದೀತು?

ಈ ರೋಗದಲ್ಲಿ ಕಾಲವೇ ಮುಖ್ಯ. ಮೂಳೆ ಕೊರೆದುಹೋಗುವುದು ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲೇ ಆರಂಭವಾಗುತ್ತದೆ. ಆರಂಭದ ಮೂರರಿಂದ ಆರು ತಿಂಗಳೊಳಗೆ ತಕ್ಕ ಔಷಧ ಹಿಡಿದರೆ ಹೆಚ್ಚಿನವರು ಕೆಲಸ ಮಾಡಿಕೊಂಡು, ಮಕ್ಕಳನ್ನು ಸಾಕಿಕೊಂಡು ಇರಬಲ್ಲರು. ಬೆರಳು ಸೊಟ್ಟಗಾದ ಮೇಲೆ ಯಾವ ಔಷಧವೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಯಬೇಕು, ಕಾಯಿ ಉದುರಿದ ಮೇಲೆ ಹೊಡೆದರೆ ಮೈಲುತುತ್ತದ ದುಡ್ಡು ದಂಡವೆಂಬುದನ್ನು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಅದೇ ನ್ಯಾಯ.

ಈಗ ನಮ್ಮ ಕಡೆ ಆಗುತ್ತಿರುವುದೇನು? ಬೆರಳು ಊದಿದಾಕೆ ಮೊದಲು ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೆ. ಆಮೇಲೆ ಔಷಧದ ಅಂಗಡಿಯ ನೋವಿನ ಮಾತ್ರೆ. ಅದು ನಾಟದಿದ್ದಾಗ ಪೇಟೆಯ ವೈದ್ಯರು. ಅಲ್ಲಿ ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ. ನೋವು ನಿಲ್ಲುತ್ತದೆ, ಹದಿನೈದು ದಿನಕ್ಕೆ ಮರಳುತ್ತದೆ. ವೈದ್ಯರನ್ನು ಬದಲಾಯಿಸುತ್ತಾಳೆ. ಹೀಗೆ ಎರಡು ಮೂರು ವರ್ಷ ಕಳೆದು, ಕೈ ಸೊಟ್ಟಗಾದ ಮೇಲೆ, ಯಾರೋ ಹೇಳಿದರೆಂದು ಬೆಂಗಳೂರಿನ ತಜ್ಞರ ಬಳಿಗೆ ಹೋಗುತ್ತಾಳೆ. ಹೋಗಿಬರುವ ಖರ್ಚಿಗೆ ಸಂಘದಲ್ಲಿ ಸಾಲದ ಅರ್ಜಿ ಬರುತ್ತದೆ. ನಮ್ಮ ಕಚೇರಿಗೆ ಈ ಕಥೆ ಗೊತ್ತಿರುವುದು ಆ ಅರ್ಜಿಗಳ ಮೂಲಕವೇ.

ಇದರಲ್ಲಿ ವೈದ್ಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ, ರಾತ್ರಿ ಹೆರಿಗೆಗೂ ಹಾವು ಕಡಿತಕ್ಕೂ ಏಳುವ ತಾಲ್ಲೂಕು ವೈದ್ಯರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅವರಿಗೆ ಕಲಿಸಿದವರು ಯಾರು? ನಮ್ಮ ದೇಶದ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಕೀಲುರೋಗಕ್ಕೆಂದೇ ಒಂದು ವಿಭಾಗ ಇರಲಿಲ್ಲ. ಕ್ಷಯ, ಮಲೇರಿಯ, ಭೇದಿ, ಹೃದಯರೋಗಗಳ ನಡುವೆ ಸಂಧಿವಾತವೆಂದರೆ ಪುಸ್ತಕದ ಕೆಲವು ಪುಟ, ಒಂದೆರಡು ಉಪನ್ಯಾಸ. 2019ರಲ್ಲಿ ಜಾರಿಗೆ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಕೀಲುರೋಗಗಳಿಗೆ ಪ್ರತ್ಯೇಕ ಭಾಗವನ್ನೇ ಇಟ್ಟಿರುವುದು ಸಂತೋಷದ ಸಂಗತಿ. ಆದರೆ ಇಂದು ನಮ್ಮ ಪೇಟೆಗಳಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿರುವವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲೇ ಓದಿ ಹೊರಬಂದವರು. ಕೀಲುರೋಗ ತಜ್ಞರೋ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಗಳಂಥ ನಗರಗಳಲ್ಲಿ ಮಾತ್ರ. ನಮ್ಮ ಪ್ರತಿ ತಾಲ್ಲೂಕಿಗೊಬ್ಬ ತಜ್ಞರು ಬರುವ ದಿನವನ್ನು ನಾವಿರಲಿ, ನಮ್ಮ ಮಕ್ಕಳೂ ನೋಡುವುದು ಅನುಮಾನ. ಆದುದರಿಂದ ಮೊದಲು ನೋಡುವ ವೈದ್ಯರಿಗೆ ತಿಳಿದಿರುವುದೊಂದೇ ದಾರಿ.

ಅವರಿಗೆ ತಿಳಿದಿರಬೇಕಾದದ್ದು ಸಮುದ್ರದಷ್ಟಿಲ್ಲ. ಈ ವಿಷಯದಲ್ಲಿ ಓದಿ, ತಿಳಿದವರನ್ನು ಕೇಳಿ, ಮುಖ್ಯವೆಂದು ನಮಗೆ ತೋರಿದ ನಾಲ್ಕು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಒಂದನೆಯದು, ಕೈಯಿಂದ ಮುಟ್ಟಿ ನೋಡುವುದು. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಎಷ್ಟು ವಾರದಿಂದ ಇದೆ, ಎರಡೂ ಕೈಗಳಲ್ಲಿದೆಯೆ ಎಂಬ ಮೂರು ಪ್ರಶ್ನೆ. ಬೆರಳ ಬುಡದ ಗೆಣ್ಣುಗಳನ್ನು ಕೈಕುಲುಕುವಂತೆ ಅಡ್ಡಲಾಗಿ ಒತ್ತಿದಾಗ ನೋವಾಗುತ್ತದೆಯೆ ಎಂಬ ಒಂದು ಪರೀಕ್ಷೆ. ಇದಕ್ಕೆ ಐದು ನಿಮಿಷ ಸಾಕು, ಯಂತ್ರ ಬೇಡ. ಊತ ಆರು ವಾರ ದಾಟಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದರೆ, ಅದನ್ನು ಬರೀ ವಾಯುವೆಂದು ಬಿಡುವಂತಿಲ್ಲ.

ಎರಡನೆಯದು, ರಕ್ತಪರೀಕ್ಷೆಯನ್ನು ಓದುವುದು. ಗಂಟುನೋವೆಂದರೆ ಆರ್.ಎ. ಫ್ಯಾಕ್ಟರ್, ಎ.ಎಸ್.ಓ., ಯೂರಿಕ್ ಆಮ್ಲ ಈ ಮೂರನ್ನೂ ಒಟ್ಟಿಗೆ ಬರೆದುಕೊಡುವುದು ನಮ್ಮ ಕಡೆ ವಾಡಿಕೆಯಾಗಿಬಿಟ್ಟಿದೆ. ಆರ್.ಎ. ಫ್ಯಾಕ್ಟರ್ ಆರೋಗ್ಯವಂತರಲ್ಲೂ ಕೆಲವರಿಗೆ ಇರುತ್ತದೆ. ರೋಗವಿರುವವರಲ್ಲೂ ಕೆಲವರಿಗೆ ಇರುವುದಿಲ್ಲ. ಎ.ಎಸ್.ಓ. ಹೆಚ್ಚಿದ್ದರೆ ಗಂಟಲಿಗೆ ಹಿಂದೆ ಒಂದು ಬಗೆಯ ಸೋಂಕು ತಗುಲಿತ್ತೆಂದು ಮಾತ್ರ ಅರ್ಥ. ಮಕ್ಕಳ ರುಮಾಟಿಕ್ ಜ್ವರವನ್ನು ಗುರುತಿಸುವಲ್ಲಿ ಅದು ಉಪಯುಕ್ತ. ಆ ಜ್ವರ ಬಂದು ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಪೆನಿಸಿಲಿನ್ ಇಂಜೆಕ್ಷನ್ ಅತ್ಯವಶ್ಯ, ಅದನ್ನು ತಪ್ಪಿಸಲೇಬಾರದು. ಆದರೆ ನಲವತ್ತು ದಾಟಿದ ಹೆಂಗಸಿನ ಬೆರಳೂತಕ್ಕೆ ಎ.ಎಸ್.ಓ. ನೋಡಿ, ಅದರ ಮೇಲೆ ತಿಂಗಳಿಗೊಂದು ಪೆನಿಸಿಲಿನ್ ಚುಚ್ಚುತ್ತ ವರ್ಷ ಕಳೆದರೆ, ಆ ವರ್ಷದಲ್ಲಿ ಅವಳ ಕೀಲು ಹಾಳಾಗುತ್ತದೆ. ಹಾಗೆಯೇ ಯೂರಿಕ್ ಆಮ್ಲ ಸ್ವಲ್ಪ ಏರಿದ ಮಾತ್ರಕ್ಕೆ ಗೌಟ್ ಆಗುವುದಿಲ್ಲ.

ಮೂರನೆಯದು, ಮೆಥೋಟ್ರೆಕ್ಸೇಟ್ ಎಂಬ ಔಷಧ. ರುಮಟಾಯ್ಡ್ ಸಂಧಿವಾತಕ್ಕೆ ಮೊದಲ ಸಾಲಿನ ಮದ್ದು ಇದು. ನಮ್ಮ ದೇಶದ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ, ಬೆಲೆಯೂ ಬಡವರ ಕೈಗೆ ಎಟಕುವಂಥದ್ದು. ಆದರೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೊಂದು ದಿನ ಮಾತ್ರ. ವಾರದ ಮದ್ದನ್ನು ತಪ್ಪಿ ದಿನವೂ ನುಂಗಿದರೆ ರಕ್ತಕಣಗಳು ಕುಸಿದು, ಬಾಯಿ ಹುಣ್ಣಾಗಿ, ಪ್ರಾಣಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಮ್ಲ ಕೊಡಬೇಕು, ಆಗಾಗ್ಗೆ ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸಬೇಕು, ಗರ್ಭಿಣಿಯರಿಗೆ ಕೊಡಲೇಬಾರದು, ಮದ್ಯ ವರ್ಜ್ಯ. ಇಷ್ಟು ತಿಳಿದ ವೈದ್ಯರಿಗೆ ಇದು ಒಳ್ಳೆಯ ಆಯುಧ. ತಿಳಿಯದವರು ಒಂದೋ ಹೆದರಿ ಮುಟ್ಟುವುದಿಲ್ಲ, ಇಲ್ಲವೆ ಚೀಟಿಯಲ್ಲಿ 'ವಾರಕ್ಕೊಮ್ಮೆ' ಎಂದು ಕನ್ನಡದಲ್ಲಿ ಬರೆಯದೆ ಅನಾಹುತಕ್ಕೆ ದಾರಿ ಮಾಡುತ್ತಾರೆ. ಔಷಧದ ಅಂಗಡಿಯವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ನಾಲ್ಕನೆಯದು, ಸ್ಟೀರಾಯ್ಡ್. ಇದರ ಚರಿತ್ರೆ ಸ್ವಾರಸ್ಯವಾದುದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಹಾಸಿಗೆ ಹಿಡಿದಿದ್ದ ಸಂಧಿವಾತದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್ ಅವರಿಗೂ, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿಗಳಿಗೂ ನೊಬೆಲ್ ಬಹುಮಾನ ಬಂತು. ಆದರೆ ಹೆಚ್ಚು ಪ್ರಮಾಣದಲ್ಲಿ, ಬಹುಕಾಲ ಕೊಟ್ಟಾಗ ಮುಖ ಊದುವುದು, ಸಕ್ಕರೆ ಕಾಯಿಲೆ, ಮೂಳೆ ಟೊಳ್ಳಾಗುವುದು, ಸೋಂಕು ಇವೆಲ್ಲ ಬೆನ್ನು ಹತ್ತಿದವು. ಇಂದಿಗೂ ಸ್ಟೀರಾಯ್ಡ್ ಬೇಕಾದ ಮದ್ದೇ. ಸ್ವಲ್ಪ ಪ್ರಮಾಣದಲ್ಲಿ, ಸ್ವಲ್ಪ ಕಾಲ, ಮುಖ್ಯ ಔಷಧ ಹತ್ತುವವರೆಗೆ. ನಮ್ಮಲ್ಲಿ ಅದೇ ಮುಖ್ಯ ಔಷಧವಾಗಿದೆ. ಹಳ್ಳಿಯಲ್ಲಿ 'ಒಂದೇ ಇಂಜೆಕ್ಷನ್ನಿಗೆ ನೋವು ನಿಲ್ಲಿಸುವ ಡಾಕ್ಟರು' ಎಂದು ಹೆಸರು ಪಡೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲೂ ಇದನ್ನು ಬೆರೆಸಿ ಮಾರುವವರಿದ್ದಾರೆ. ಬಹುಕಾಲ ತೆಗೆದುಕೊಂಡವರು ಇದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೆಂಬುದನ್ನು ಸದಸ್ಯರು ಮರೆಯಬಾರದು.

ಈ ನಾಲ್ಕನ್ನು ಕಲಿಸಲು ಹೊಸ ಕಾಲೇಜು ಬೇಕಿಲ್ಲ. ಮಲೆನಾಡಿನವರಾದ ನಮಗೆ ಇದರ ಉದಾಹರಣೆ ಮನೆ ಬಾಗಿಲಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರಕ್ಕೆ ಬಿದ್ದಾಗ ಅದೇನೆಂದು ಯಾವ ವೈದ್ಯರಿಗೂ ಗೊತ್ತಿರಲಿಲ್ಲ. ಇಂದು ಮಂಗನ ಕಾಯಿಲೆಯನ್ನು ಗುರುತಿಸಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಜ್ಞರು ಬೇಕಿಲ್ಲ, ಏಕೆಂದರೆ ಅವರಿಗೆ ಅದನ್ನು ಕಲಿಸಲಾಗಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿ ಕುಟುಂಬಗಳವರ ಸೊಂಟ, ಮಂಡಿಯ ಕೀಲುಗಳು ಹಾಳಾಗಿ ನಡೆಯಲಾರದಂತಾದದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಗದ್ದೆಯ ಏಡಿ ತಿಂದದ್ದರಿಂದ ಕೀಟನಾಶಕದ ವಿಷವೇರಿತೆಂದು ಮೊದಲು ಅನುಮಾನ ಬಂತು. ಮುಂದೆ ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲಿನ ರೋಗವೆಂದು ಸಂಶೋಧಕರು ನಿರ್ಧರಿಸಿದರು. ಆ ಜನಕ್ಕೆ ಪೂರ್ಣ ಗುಣ ಮಾಡುವ ಮದ್ದು ಸಿಗಲಿಲ್ಲವೆಂಬುದು ದುಃಖದ ವಿಷಯ. ಆದರೂ ವಾಯುವೆಂದು ಕೈಬಿಡದೆ ಹತ್ತಿರ ಹೋಗಿ ನೋಡಿದಾಗ ಮಾತ್ರ ಒಂದು ರೋಗ ಇನ್ನೊಂದರಿಂದ ಬೇರೆಯಾಗಿ ಕಾಣುತ್ತದೆಂಬ ಪಾಠ ಅದರಲ್ಲಿದೆ. 2006ರ ಚಿಕುನ್‌ಗುನ್ಯ ಹಾವಳಿಯ ನಂತರ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರು ನಮ್ಮ ರಾಜ್ಯದ ಊರೂರಲ್ಲಿದ್ದರು. ಅವರಲ್ಲಿ ತಾನೇ ಇಳಿಯುವ ನೋವು ಯಾರದು, ಸಂಧಿವಾತವಾಗಿ ನೆಲೆಸಿದ್ದು ಯಾರದು ಎಂದು ಬೇರ್ಪಡಿಸುವುದಕ್ಕೂ ಈ ತಿಳಿವಳಿಕೆಯೇ ಬೇಕಿತ್ತು.

ನಮ್ಮ ಕಸುಬಿನಲ್ಲೇ ಇನ್ನೂ ಹಳೆಯ ಉದಾಹರಣೆಯಿದೆ. ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್‌ಮನ್ ಅವರು ಅಡಿಕೆ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅದಕ್ಕೆ ಮೊದಲು ಕೊನೆಗೆ ಕೊಟ್ಟೆ ಕಟ್ಟುವುದೊಂದೇ ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಕೋಲ್‌ಮನ್ ಅವರೊಬ್ಬರೇ ಊರೂರಿಗೆ ಬಂದು ಮರ ಹತ್ತಲಿಲ್ಲ. ಇಲಾಖೆಯವರಿಗೆ ಕಲಿಸಿದರು, ತೋಟದಲ್ಲಿ ಪ್ರಾತ್ಯಕ್ಷಿಕೆ ನಡೆಯಿತು, ಕೊನೆಗಾರನಿಗೂ ಸುಣ್ಣ ಮತ್ತು ಮೈಲುತುತ್ತದ ಅಳತೆ ಬಾಯಿಪಾಠವಾಯಿತು. ಒಬ್ಬ ತಜ್ಞರ ವಿದ್ಯೆ ಕಟ್ಟಕಡೆಯ ತೋಟಕ್ಕೆ ಮುಟ್ಟಿದ್ದು ಹೀಗೆ. ಗಿಡದ ರೋಗಕ್ಕೆ ನಾವು ಇಷ್ಟು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಗಿಡ ನೋಡುವವರ ಕೈಯ ರೋಗಕ್ಕೆ ಏಕಿರಬಾರದು?

ಇಂಥ ಪ್ರಯತ್ನ ಬೇರೆಡೆ ನಡೆಯದೆಯೂ ಇಲ್ಲ. ನಮ್ಮಂತೆಯೇ ಕಾಫಿ ಬೆಳೆಯುವ ಕೆನ್ಯಾ ದೇಶದಲ್ಲಿ ಕೀಲುರೋಗ ತಜ್ಞರು ಬೆರಳೆಣಿಕೆಯಷ್ಟು. 2010ರ ದಶಕದಲ್ಲಿ ಅಲ್ಲಿ 'ಉವೆಜೊ' ಎಂಬ ಯೋಜನೆ ನಡೆಯಿತು. ಸ್ವಾಹಿಲಿ ಭಾಷೆಯಲ್ಲಿ ಆ ಮಾತಿಗೆ ಸಾಮರ್ಥ್ಯವೆಂದು ಅರ್ಥ. ಮೊದಲು ಸ್ಥಳೀಯರನ್ನೇ ಬೋಧಕರಾಗಿ ತಯಾರು ಮಾಡಿ, ಅವರ ಮೂಲಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಕೀಲು ಪರೀಕ್ಷಿಸುವ, ರೋಗ ಗುರುತಿಸುವ ತರಬೇತಿ ಕೊಟ್ಟರು. ಅಲ್ಲಿ ಸಾಧ್ಯವಾದ ಕ್ರಮ ನಮಗೆ ಅಸಾಧ್ಯವೇನಲ್ಲ.

ಹಣವಿದ್ದರೆ ಸಾಲದೆ, ತಿಳಿವಳಿಕೆಯ ಮಾತೇಕೆ ಎನ್ನುವವರಿಗೆ ನಮ್ಮ ಸಹಕಾರ ರಂಗದ ಯಶಸ್ವಿನಿ ಯೋಜನೆಯನ್ನೇ ತೋರಿಸಬಹುದು. 2003ರಲ್ಲಿ ಆರಂಭವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ, ಮತ್ತೆ ಜಾರಿಗೆ ಬಂದ ಈ ಯೋಜನೆಯಿಂದ ಸಹಕಾರಿಗಳಿಗೆ ಆಗಿರುವ ಉಪಕಾರ ದೊಡ್ಡದು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಸಂಧಿವಾತದವರಿಗೆ ಬೇಕಾದದ್ದು ಹೊರರೋಗಿಯಾಗಿ ತಿಂಗಳು ತಿಂಗಳು ನೋಡುವ ವೈದ್ಯರು ಮತ್ತು ಎಡೆಬಿಡದ ಮಾತ್ರೆ. ಕೀಲು ಹಾಳಾದ ಮೇಲಿನ ಶಸ್ತ್ರಚಿಕಿತ್ಸೆಗೆ ದಾರಿಯಿದ್ದು, ಅದು ಹಾಳಾಗದಂತೆ ನೋಡಿಕೊಳ್ಳಲು ದಾರಿಯಿಲ್ಲವೆಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಶಿಬಿರದ ದೋಷವೂ ಇದೇ. ಈ ರೋಗ ಜೀವಮಾನದ್ದು. ಭಾನುವಾರ ಬಂದ ತಜ್ಞರು ಮೆಥೋಟ್ರೆಕ್ಸೇಟ್ ಬರೆದು ಸಂಜೆಯ ಬಸ್ಸಿಗೆ ಹೋದರೆ, ಮುಂದಿನ ತಿಂಗಳು ರಕ್ತಪರೀಕ್ಷೆಯ ಚೀಟಿಯನ್ನು ನೋಡುವವರು ಯಾರು? ಬಾಯಿ ಹುಣ್ಣಾದರೆ ಯಾರ ಬಳಿ ಹೋಗಬೇಕು? ಊರಿನ ವೈದ್ಯರಿಗೆ ಆ ಮದ್ದು ಗೊತ್ತಿಲ್ಲದಿದ್ದರೆ ಅವರು ಮೊದಲು ಮಾಡುವ ಕೆಲಸ ಅದನ್ನು ನಿಲ್ಲಿಸುವುದು.

ಆದುದರಿಂದ ಆಡಳಿತ ಮಂಡಲಿಯ ಮುಂದೆ ನಾವಿಡುವ ಸೂಚನೆಗಳು ಇವು. ತಾಲ್ಲೂಕು ಆರೋಗ್ಯಾಧಿಕಾರಿಗಳ ಅನುಮತಿ ಪಡೆದು, ವರ್ಷಕ್ಕೆ ಎರಡು ದಿನ, ನಮ್ಮ ಭಾಗದ ಸರ್ಕಾರಿ ಮತ್ತು ಖಾಸಗಿ ವೈದ್ಯರಿಗೆ ಕೀಲುರೋಗ ತಜ್ಞರಿಂದ ಪಾಠ ಏರ್ಪಡಿಸುವುದು. ಶಿಬಿರಕ್ಕೆ ಕರೆಸಬೇಕೆಂದಿದ್ದ ತಜ್ಞರನ್ನೇ ಇದಕ್ಕೆ ಕರೆಸಬಹುದು. ರೋಗಿಗಳನ್ನು ಅವರು ಸ್ಥಳೀಯ ವೈದ್ಯರ ಜೊತೆಯಲ್ಲಿ ಕುಳಿತೇ ನೋಡಲಿ. ಎರಡನೆಯದಾಗಿ, ದೂರದ ವೈದ್ಯರೊಂದಿಗೆ ಸಮಾಲೋಚಿಸಲು ಸರ್ಕಾರವೇ ನಡೆಸುತ್ತಿರುವ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಕೀಲುರೋಗ ತಜ್ಞರು ನಿಗದಿತ ದಿನ ನಮ್ಮ ವೈದ್ಯರಿಗೆ ಸಿಗುವಂತೆ ಆರೋಗ್ಯ ಇಲಾಖೆಗೆ ಮನವಿ ಸಲ್ಲಿಸುವುದು. ಮೂರನೆಯದಾಗಿ, ಔಷಧದ ಅಂಗಡಿಯವರನ್ನೂ ಒಂದು ದಿನ ಕರೆದು, ವಾರದ ಮಾತ್ರೆಯ ವಿಷಯವನ್ನೂ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾರುವುದರ ಅಪಾಯವನ್ನೂ ಮನವರಿಕೆ ಮಾಡುವುದು. 2020ರಲ್ಲಿ ಕೊರೋನಾಕ್ಕೆ ಮದ್ದೆಂದು ಸುದ್ದಿಯಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಳು ಅಂಗಡಿಗಳಿಂದ ಮಾಯವಾದಾಗ ಲೂಪಸ್ ಮತ್ತು ಸಂಧಿವಾತದ ರೋಗಿಗಳು ಪರದಾಡಿದರು. ಅಂಥ ಸಂದರ್ಭದಲ್ಲಿ ಯಾರಿಗೆ ಮೊದಲು ಕೊಡಬೇಕೆಂಬುದು ಅಂಗಡಿಯವರಿಗೂ ತಿಳಿದಿರಬೇಕು.

ಸದಸ್ಯರ ಹೊಣೆಯೂ ಇದೆ. ಮನೆಯಲ್ಲಿ, ತೋಟದ ಲೈನುಗಳಲ್ಲಿ ಯಾರಿಗಾದರೂ ಬೆರಳ ಊತ ಆರು ವಾರ ದಾಟಿದ್ದರೆ ಕೊಯ್ಲು ಮುಗಿಯಲಿ, ಸುಲಿತ ಮುಗಿಯಲಿ ಎಂದು ಕಾಯಿಸಬೇಡಿ. ಹಳೆಯ ಚೀಟಿಗಳನ್ನೂ ಮಾತ್ರೆಯ ಖಾಲಿ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಇಂಜೆಕ್ಷನ್ ಬೇಕೆಂದು ವೈದ್ಯರನ್ನು ಒತ್ತಾಯಿಸಬೇಡಿ. ನಾವು ಕೇಳುವುದರಿಂದಲೂ ಅವರು ಕೊಡುವುದುಂಟು. ಇದು ಯಾವ ರೋಗ, ಈ ಮದ್ದು ನೋವಿಗೋ ರೋಗಕ್ಕೋ ಎಂದು ಕೇಳಿ. ಹಾಗೆ ಕೇಳುವುದು ಅವಿಧೇಯತೆಯಲ್ಲ.

ಶಿಬಿರ ನಡೆಸಿದರೆ ಫೋಟೋ ಬರುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ವೈದ್ಯರ ಪಾಠಕ್ಕೆ ಅದಾವುದೂ ಇಲ್ಲ. ಅದರ ಫಲ ಕಾಣಲು ಐದಾರು ವರ್ಷವೇ ಬೇಕು. ನೆಟ್ಟ ಅಡಿಕೆ ಸಸಿ ಫಸಲು ಕೊಡುವುದಕ್ಕೂ ಅಷ್ಟೇ ಕಾಲ ಹಿಡಿಯುತ್ತದೆ, ಹಾಗೆಂದು ನಾವು ಸಸಿ ನೆಡುವುದನ್ನು ಬಿಟ್ಟಿಲ್ಲ. ಸದಸ್ಯರು ಈ ವಿಷಯವನ್ನು ಮನೆಯ ಹೆಣ್ಣುಮಕ್ಕಳೊಂದಿಗೂ ಚರ್ಚಿಸಿ, ಸರ್ವಸದಸ್ಯರ ಸಭೆಗೆ ತಪ್ಪದೆ ಬಂದು, ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ.

ಕಾರ್ಯದರ್ಶಿ